ಮೊದಲ ಆರು ತಾಸು ಯಾರದು?

ಸೆಪ್ಟೆಂಬರ್ ಕೊನೆಯ ವಾರ, ತಿಕೋಟಾ ಹೊರವಲಯದ ಒಂದು ದ್ರಾಕ್ಷಿ ತೋಟ. ಮಳೆ ಬಿಡುವು ಕೊಡದ್ದರಿಂದ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಂದೆ ಹಾಕಿಕೊಂಡು ಕೂತಿರುವ ತೋಟದ ಯಜಮಾನರು ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾದವರು. ಬೆಳೆಹಾನಿ ಬರೆದುಕೊಳ್ಳಲು ಬಂದವರು ಊರಿನ ತಲಾಟಿ. ಹಿಂದೆ ಬಬಲೇಶ್ವರ ತಾಲ್ಲೂಕಿನಲ್ಲಿ ಡೋಣಿ ನದಿ ದಂಡೆಯ ಹಳ್ಳಿಗಳನ್ನು ನೋಡಿಕೊಂಡಿದ್ದವರು. ಸರ್ವೆ ಮುಗಿದ ಮೇಲೆ ಶೆಡ್ಡಿನಲ್ಲಿ ಚಹಾ ಬಂತು, ಚಹಾದ ಜೊತೆ ಮಾತೂ ಬಂತು.

ತಲಾಟಿ: ಮೊನ್ನೆ ಗ್ರಾಮಸಭಾದಾಗ ‘ಆಪತ್ತಿನ ಕೆಲಸ ಮಾಜಿ ಸೈನಿಕರಿಗೆ ಒಪ್ಪಸ್ರಿ’ ಅಂದ್ರಿ ಕಾಕಾ. ಖರೇನ ಅಂದ್ರೋ, ಸಿಟ್ಟಿನ್ಯಾಗ ಅಂದ್ರೋ?

ಹವಾಲ್ದಾರ: ಎರಡೂ ಅದಾವ ಸಾಹೇಬ್ರ. 2023ರ ಡಿಸೆಂಬರ್ 4, ಸಂಜಿ ಹೊತ್ತು. ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಾಗ ಗೋವಿನಜೋಳದ ಗೋದಾಮಿನ ದಾಸ್ತಾನು ಕುಸೀತು. ಚೀಲಗಳ ಕೆಳಗ ಸಿಕ್ಕು ಬಿಹಾರದ ಏಳು ಮಂದಿ ಕೂಲಿಕಾರರು ಸತ್ತರು. ರಾತ್ರಿಯೆಲ್ಲಾ ಕೆಲಸ ನಡೀತು, ಮರುದಿನವೂ ನಡೀತು. ಹೊರಗಿನ ತಂಡ ಬರೂತನಕ ಅಲ್ಲಿದ್ದವರು ಯಾರು? ಅಗ್ನಿಶಾಮಕದವರು, ಪೊಲೀಸರು, ಹಮಾಲರು. ಅದೇ ಹೊತ್ತಿನ್ಯಾಗ ಅದೇ ಶಹರದಾಗ ಸೈನ್ಯದಾಗ ಇದ್ದು ಬಂದವರು ಎಷ್ಟೋ ಮಂದಿ ಮನ್ಯಾಗ ಟಿವಿ ನೋಡಕೋತ ಕೂತಿದ್ದರು. ಯಾರೂ ಕರೀಲಿಲ್ಲ. ಕರೀಲಿಕ್ಕೆ ಒಂದು ಪಟ್ಟಿ ಸುದ್ದಾ ಇರಲಿಲ್ಲ.

ತಲಾಟಿ: ಕರದಿದ್ರ ಏನು ಮಾಡತಿದ್ದರು? ಚೀಲ ಎಳೀಲಿಕ್ಕೆ ಹಮಾಲರಿಗಿಂತ ಬಲ್ಲವರು ಯಾರದಾರ?

ಹವಾಲ್ದಾರ: ಇಲ್ಲೇ ನೀವು ತಪ್ಪತೀರಿ. ಕಾಳು ನೀರಿನಂಗ ಹರೀತದ. ಕೆಳಗಿನ ಚೀಲ ಎಳದರ ಮ್ಯಾಲಿನ ಸಾಲು ಜರದು ಒಳಗಿದ್ದವನ ಎದಿ ಮ್ಯಾಲ ಕೂಡತದ. ಮ್ಯಾಲಿನಿಂದ ತಗೀಬೇಕು, ಬಾಜುಕ ಹಲಗಿ ಕೊಟ್ಟು ತಡೀಬೇಕು, ಹತ್ತ ನಿಮಿಷಕ್ಕೊಮ್ಮೆ ಎಲ್ಲಾ ಮಷಿನ್ ಬಂದ್ ಮಾಡಿಸಿ ಒಳಗಿಂದ ದನಿ ಬರತದೇನು ಅಂತ ಕಿವಿಗೊಟ್ಟು ಕೇಳಬೇಕು. ನೂರು ಮಂದಿ ಒದರೂವಾಗ ‘ಎಲ್ಲಾರೂ ಸುಮ್ಮ ನಿಂದರ್ರಿ’ ಅಂತ ಹೇಳಿ ನಿಲ್ಲಿಸೋದು ತೋಳಬಲದ ಕೆಲಸ ಅಲ್ಲ, ಅದು ತಾಲೀಮು. ಅಲ್ಲಿ ಬಂದವರು ಅದನ್ನ ಮಾಡಲಿಲ್ಲ ಅನ್ನಂಗಿಲ್ಲ ನಾನು. ಅಂಥಾ ತಾಲೀಮು ಆದವರು ನಮ್ಮಲ್ಲೇ ಅದಾರ, ಅವರ ಹೆಸರು ಯಾವ ಕಚೇರಿಯ ಗ್ವಾಡಿ ಮ್ಯಾಲೂ ಇಲ್ಲ ಅಂತೀನಿ.

ತಲಾಟಿ: ನಾಲ್ಕೇ ತಿಂಗಳಿಗೆ ಇಂಡಿ ತಾಲ್ಲೂಕಿನ ಲಚ್ಯಾಣ ಬಂತಲ್ಲ. 2024ರ ಏಪ್ರಿಲ್ 3ಕ್ಕ ಕೊಳವೆಬಾವಿಗೆ ಬಿದ್ದ ಕೂಸು, ಸುಮಾರು ಇಪ್ಪತ್ತು ತಾಸಿನ ಮ್ಯಾಲ ಮರುದಿನ ಜೀವಂತ ಹೊರಗ ಬಂತು. ಅಲ್ಲಿ ಕೇಂದ್ರದ ವಿಪತ್ತು ಪಡೆ ಎನ್‌ಡಿಆರ್‌ಎಫ್, ರಾಜ್ಯದ್ದು ಎಸ್‌ಡಿಆರ್‌ಎಫ್ ಎರಡೂ ಇದ್ದವು. ವ್ಯವಸ್ಥೆ ಕೆಲಸ ಮಾಡೂದಿಲ್ಲ ಅನ್ನೋದು ತಪ್ಪಾಗತದ.

ಹವಾಲ್ದಾರ: ಕೆಲಸ ಮಾಡತದ, ಯಾರು ಇಲ್ಲಂದ್ರು? ಆದ್ರ ಆ ಕೂಸಿಗೆ ಮೊದಲ ತಾಸಿನ್ಯಾಗ ಉಸಿರು ಬೇಕಾಗಿತ್ತು, ಪೈಪ್ ಇಳಿಸಿ ಆಮ್ಲಜನಕ ಕೊಡೋರು ಹತ್ತಿರದವರೇ ಆಗಬೇಕು. ಎಸ್‌ಡಿಆರ್‌ಎಫ್ ಕಂಪನಿ ಇರೋದು ಬೆಳಗಾವಿ, ಕಲಬುರಗಿಯಾಗ. ಎನ್‌ಡಿಆರ್‌ಎಫ್ ಅದಕ್ಕಿಂತ ದೂರ. ಬೆಳಗಾವಿ ಅಂದ್ರ ಇನ್ನೂರು ಕಿಲೋಮೀಟರ್ ಮ್ಯಾಲ. ತಯಾರಾಗಿ, ಸಾಮಾನು ಹೇರಿ, ಹೊರಟು, ಇಲ್ಲಿಗೆ ಮುಟ್ಟೂದ್ರಾಗ ಐದಾರು ತಾಸು. ಆ ಆರು ತಾಸು ಯಾರದು? ಇದೊಂದೇ ನನ್ನ ಪ್ರಶ್ನೆ.

ತಲಾಟಿ: ಅರಕೇರಿಯಾಗ ಐಆರ್‌ಬಿ ಬಟಾಲಿಯನ್ ಅದ. ತಿಕೋಟಾಕ್ಕ ಅದಕ್ಕಿಂತ ಹತ್ತಿರ ಯಾರಿದ್ದಾರ? ಬೆಳಗಾವಿ ಕಡೆ ಯಾಕ ನೋಡಬೇಕು?

ಹವಾಲ್ದಾರ: ಛಲೋ ಮಾತು. ಅವರನ್ನೂ ಸೇರಿಸ್ರಿ. ಆದ್ರ ಅದು ಪೊಲೀಸ್ ಮೀಸಲು ಪಡೆ. ಎಲ್ಲೋ ಗಲಾಟಿ ಆತು, ಇಲೆಕ್ಷನ್ ಬಂತು ಅಂದ್ರ ಬಸ್ ಹತ್ತಿ ಮತ್ತೊಂದು ರಾಜ್ಯಕ್ಕ ಹೋಗಬೇಕಾದವರು. ಪ್ರವಾಹ ಬಂದಾಗ ಬ್ಯಾರಕ್ ಖಾಲಿ ಇರಬಾರದು ಅಂತೇನೂ ಬರದಿಲ್ಲ. ನಾನು ಹೇಳೋದು ಊರು ಬಿಟ್ಟು ಹೋಗದಂಥಾ ಮೀಸಲು. ಪ್ರಾದೇಶಿಕ ಸೇನೆ ಅಂತ ಒಂದದ, ಟಿಎ ಅಂತಾರ. 1948ರ ಕಾಯ್ದೆ, 1949ರ ಅಕ್ಟೋಬರ್ 9ಕ್ಕ ರಾಜಗೋಪಾಲಾಚಾರಿ ಉದ್ಘಾಟನೆ ಮಾಡಿದ್ದು. ವರ್ಷದ ಹತ್ತು ತಿಂಗಳು ತನ್ನ ಹೊಲ, ತನ್ನ ನೌಕರಿ; ಎರಡು ತಿಂಗಳು ಸಮವಸ್ತ್ರ. ನೈಸರ್ಗಿಕ ವಿಕೋಪದಾಗ ಆಡಳಿತಕ್ಕ ಕೈ ಹಚ್ಚೋದು ಅವರ ಕರ್ತವ್ಯದಾಗೇ ಬರದದ್ದು. ಬೆಳಗಾವಿಯಾಗ ಮಹಾರ್ ರೆಜಿಮೆಂಟಿಗೆ ಸೇರಿದ 115ನೇ ಟಿಎ ಬಟಾಲಿಯನ್ ಅದ. 2024ರ ಜುಲೈ 30ಕ್ಕ ವಯನಾಡಿನ ಗುಡ್ಡ ಜರದಾಗ 122ನೇ ಟಿಎ ಬಟಾಲಿಯನ್ ಇಳೀತು. ಪೇಪರಿನವರು ನಟ ಮೋಹನಲಾಲ್ ಸಮವಸ್ತ್ರ ಹಾಕ್ಕೊಂಡು ಬಂದದ್ದನ್ನ ಬರದ್ರು. ಅವರು ಆ ಬಟಾಲಿಯನ್ನಿನ ಗೌರವ ಲೆಫ್ಟಿನೆಂಟ್ ಕರ್ನಲ್. ಅವರ ಹಿಂದ ಕೆಸರಿನ್ಯಾಗ ನಿಂತ ಜವಾನರೂ ಇದ್ದರು, ಅದನ್ನ ಯಾರೂ ದೊಡ್ಡದು ಮಾಡಲಿಲ್ಲ.

ತಲಾಟಿ: ಈಗ ನನ್ನ ತಕರಾರು ಕೇಳ್ರಿ. 2025ರ ಮೇ ತಿಂಗಳದಾಗ ಪಾಕಿಸ್ತಾನದ ಜೊತಿ ಗುಂಡಿನ ಮಾತು ನಡದಿತ್ತು. ಆವಾಗ ಕೇಂದ್ರ ಸರ್ಕಾರ ಟಿಎ ಕರಸಿಕೊಳ್ಳೂ ಅಧಿಕಾರ ಸೇನಾ ಮುಖ್ಯಸ್ಥರಿಗೆ ಕೊಡ್ತು. 32 ಪದಾತಿ ಬಟಾಲಿಯನ್ನಿನಾಗ 14 ತಯಾರಾಗಬೇಕು ಅಂತ ಆದೇಶ. ಅಂಥಾ ಹೊತ್ತಿನ್ಯಾಗೇ ಡೋಣಿ ಬಂತು ಅನ್ರಿ. ನಿಮ್ಮ ಟಿಎ ಜವಾನ ಗಡಿಗೆ ಹೋಗತಾನೋ, ಡೋಣಿ ದಂಡಿಯ ಸಾರವಾಡಕ್ಕ ಬರತಾನೋ? ಒಬ್ಬನೇ ಮನಷ್ಯಾನ ಹೆಸರು ಎರಡು ಪಟ್ಟಿಯೊಳಗ ಇದ್ದರ ಆ ಪಟ್ಟಿ ಕಾಗದದ ಮ್ಯಾಲ ದಪ್ಪ ಕಾಣತದ, ಹೊಲಕ್ಕ ಬಂದ್ರ ಅರ್ಧ. ಆಸ್ಪತ್ರಿ ನರ್ಸು, ಅಗ್ನಿಶಾಮಕದವನು, ಗೃಹರಕ್ಷಕ, ಎಲ್ಲಾರದೂ ಇದೇ ಹಣೆಬರಹ.

ಹವಾಲ್ದಾರ: ಒಪ್ಪಿದೆ. ಅದಕ್ಕ ಗಡಿಗೆ ಹೋಗೂ ವಯಸ್ಸು ದಾಟಿದವರ ಪಟ್ಟಿ ಬ್ಯಾರೆ ಮಾಡಬೇಕು ಅನ್ನೋದು. 1982ರಾಗ ಮಸೂರಿ ಗುಡ್ಡದ ಸುಣ್ಣದಕಲ್ಲಿನ ಗಣಿ ಗುಡ್ಡನ್ನೇ ತಿಂದು ಹಾಕಿತ್ತು. ಆವಾಗ ಟಿಎ ಒಳಗೇ ಒಂದು ಪರಿಸರ ಬಟಾಲಿಯನ್ ಕಟ್ಟಿದ್ರು, 127ನೇದು. ಸೇರಿಸಿಕೊಂಡಿದ್ದು ಆ ಸೀಮೆಯ ಮಾಜಿ ಸೈನಿಕರನ್ನೇ. ಶಿಸ್ತು ಸೈನ್ಯದ್ದು, ಖರ್ಚು ಸೈನ್ಯದ್ದಲ್ಲ, ಪರಿಸರ ಇಲಾಖೆದು. ಬಂಜರು ಬಿದ್ದ ಗುಡ್ಡಕ್ಕ ಗಿಡ ಹಚ್ಚಿ ಬೆಳಸಿದ್ರು. ನಮ್ಮ ಬಾಜೂಕ ಮಹಾರಾಷ್ಟ್ರನೂ ಮರಾಠವಾಡಾದಾಗ ಅಂಥಾದ್ದೊಂದು ಪರಿಸರ ಬಟಾಲಿಯನ್ ಮಾಡಿಸಿಕೊಂಡದ. ಗಿಡ ಹಚ್ಚಲಿಕ್ಕೆ ಆಗತದ ಅಂದ್ರ ಮಂದಿ ಉಳಸಲಿಕ್ಕೆ ಯಾಕ ಆಗಬಾರದು? ಕರ್ನಾಟಕ ಸರ್ಕಾರ ದುಡ್ಡು ಕೊಡಲಿ, ಟಿಎ ತಾಲೀಮು ಕೊಡಲಿ. ವಿಜಯಪುರದಾಗ ಒಂದು ಕಂಪನಿ, ತಿಕೋಟಾ, ಬಬಲೇಶ್ವರದಂಥಾ ತಾಲ್ಲೂಕಿಗೆ ಒಂದೊಂದು ಸೆಕ್ಷನ್, ಅಂದ್ರ ಸಣ್ಣ ತುಕಡಿ.

ತಲಾಟಿ: ಬರೋಬರಿ. ಆದ್ರ ನೀವು ಹೊಸದು ಕಟ್ಟೋಣ ಅನ್ನೂದ್ರಾಗ ಹಳೇದೊಂದು ಕಣ್ಣ ಮುಂದ ಹಾಳು ಬಿದ್ದದ. ಗೃಹರಕ್ಷಕ ದಳ ಹುಟ್ಟಿದ್ದೇ ನಮ್ಮ ಹಳೇ ಮುಂಬೈ ಪ್ರಾಂತ್ಯದಾಗ, 1946ರ ಡಿಸೆಂಬರ್ 6ಕ್ಕ. ಮೊರಾರ್ಜಿ ದೇಸಾಯಿ ಗೃಹಮಂತ್ರಿ ಇದ್ದ ಕಾಲ. ಬಿಜಾಪುರ ಆವಾಗ ಅದೇ ಪ್ರಾಂತ್ಯ. ಗಲಭೆ, ಆಪತ್ತು ಬಂದಾಗ ಪೊಲೀಸರ ಕೈಗೆ ಕೈ ಕೂಡಸೂ ನಾಗರಿಕ ಪಡೆ. ಕರ್ನಾಟಕಕ್ಕ 1962ರ ಕಾಯ್ದೆ ಅದ. ಈಗ ಅವರ ಕೈಗೆ ಏನು ಕೊಟ್ಟೀವಿ? ಒಂದು ಲಾಠಿ, ಒಂದು ಸೀಟಿ. ಸಿದ್ಧೇಶ್ವರ ಜಾತ್ರ್ಯಾಗ ಗಾಡಿ ನಿಲ್ಲಸೂದು, ಇಲೆಕ್ಷನ್‌ದಾಗ ಬೂತ್ ಕಾಯೂದು. ಅವರಿಗೇ ಹಗ್ಗ, ಲೈಫ್ ಜಾಕೆಟ್ ಕೊಟ್ಟು ಈಜು ಕಲಸಿದ್ರ ನಿಮ್ಮ ಅರ್ಧ ಕೆಲಸ ಆತು.

ಹವಾಲ್ದಾರ: ಜಾತ್ರಿ ಬಂದೋಬಸ್ತ್ ಸಣ್ಣ ಕೆಲಸ ಅನಬ್ಯಾಡ್ರಿ. 2023ರ ಜನವರಿ 3ಕ್ಕ ಸಿದ್ಧೇಶ್ವರ ಸ್ವಾಮಿಗಳ ಅಂತಿಮ ದರ್ಶನಕ್ಕ ಸೈನಿಕ ಶಾಲೆಯ ಮೈದಾನದಾಗ ಲಕ್ಷಾಂತರ ಮಂದಿ ಕೂಡಿದ್ರು. ಕಾಲ್ತುಳಿತ ಆಗಲಿಲ್ಲ. ಸಾಲು ಹಚ್ಚೋದು, ನೀರು ಕೊಡೋದು, ಮುದುಕರನ್ನ ಬಾಜುಕ ಕರಕೊಂಡು ಹೋಗೋದು ಈ ಜಿಲ್ಲೆಯ ಮಂದಿಗೆ ಗೊತ್ತದ. ಹೇಳೂ ದನಿ ಒಂದೇ ಇದ್ದರ ಮಂದಿ ಕೇಳತಾರ. ನಾಲ್ಕು ದನಿ ಇದ್ದಾಗ ಕೆಡತದ.

ತಲಾಟಿ: ಆ ಒಂದು ದನಿ ಯಾರದು? ಅಲ್ಲೇ ನನಗ ಅಂಜಿಕಿ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಸೈನ್ಯ ಬಂದ್ರೂ ಆಡಳಿತದ ಬೇಡಿಕಿ ಮ್ಯಾಲ ಬರತದ, ಕೆಲಸ ಮುಗಿಸಿ ಹೋಗತದ. ನೀವು ಮಾಜಿ ಸೈನಿಕರ ಪಡೆ ಕಟ್ಟಿದ್ರ ಅದರ ಸೆಕ್ಷನ್ ಕಮಾಂಡರ್ ತಹಶೀಲ್ದಾರರ ಮಾತು ಕೇಳತಾನೋ, ‘ಇದು ನನ್ನ ಆಪರೇಷನ್’ ಅಂತಾನೋ? ಕಾಕಾ, ಸಿಟ್ಟು ಮಾಡಬ್ಯಾಡ್ರಿ. ಊರಿಗೆ ಬಂದ ಕೆಲವರು ಫೌಜಿಗಳು ಕಟ್ಟಿ ಮ್ಯಾಲ ಕೂತು ಇನ್ನೂ ಹುಕುಂ ಕೊಡತಿರತಾರ.

ಹವಾಲ್ದಾರ: (ನಕ್ಕು) ನನಗ ಅಂದ್ರೋ?

ತಲಾಟಿ: ನಿಮಗ ಅಲ್ಲ ಅಂದ್ರೂ ನೀವು ನಂಬಂಗಿಲ್ಲ.

ಹವಾಲ್ದಾರ: ಇರಲಿ. ಸೈನ್ಯದಾಗ ಮೊದಲು ಕಲಸೋದು ಹುಕುಂ ಕೊಡೋದಲ್ಲ, ತಗೊಳ್ಳೋದು. ಎಲ್ಲಿ ಹೋಗಬೇಕು, ಯಾರನ್ನ ಮೊದಲು ತರಬೇಕು ಅಂತ ತಹಶೀಲ್ದಾರರು ಹೇಳಲಿ. ಹಗ್ಗ ಯಾವ ಗಿಡಕ್ಕ ಕಟ್ಟಬೇಕು, ದೋಣಿ ಯಾವ ಕಡೆಯಿಂದ ಬಿಡಬೇಕು ಅನ್ನೋದು ಮಾತ್ರ ಸೆಕ್ಷನ್ನಿಗೆ ಬಿಡಲಿ. ಇಷ್ಟು ಬರದಿಟ್ಟರ ಜಗಳ ಇಲ್ಲ.

ತಲಾಟಿ: ಡೋಣಿ ವಿಷಯ ಬಂತಲ್ಲ, ಹೇಳತೀನಿ ಕೇಳ್ರಿ. ಡೋಣಿ ಹರದರ ಓಣಿಯೆಲ್ಲಾ ಜೋಳ ಅನ್ನೋ ಕಾಲ ಹೋತು. ಹೂಳು ತುಂಬಿ ನದಿ ಪಾತ್ರವೇ ಗುರ್ತು ಸಿಗದಂಗ ಆಗ್ಯದ. ಮಳಿ ಬೀಳೋದು ಜತ್ತ ತಾಲ್ಲೂಕಿನ್ಯಾಗ, ಇಲ್ಲಿ ಮುಗಲು ನಿಚ್ಚಳ. ನೀರು ಬರೋದು ರಾತ್ರಿ, ಮಂದಿ ಮಲಗಿದ ಮ್ಯಾಲ. ಸಾರವಾಡದ ಕಡೆ ಎರಿ ಹೊಲ ತೋಯ್ದಿತು ಅಂದ್ರ ಟ್ರ್ಯಾಕ್ಟರಿನ ದೊಡ್ಡ ಗಾಲಿ ಸುದ್ದಾ ಅಚ್ಚಿನತನಕ ಹುಗೀತದ. ಬೆಳಗಾವಿಯಿಂದ ದೊಡ್ಡ ಟ್ರಕ್ ತುಂಬಿ ದೋಣಿ ಬಂತು ಅನ್ರಿ, ಡಾಂಬರ್ ಬಿಟ್ಟು ಇಳದರ ಮೊದಲು ಆ ಟ್ರಕ್ಕನ್ನೇ ಎತ್ತಬೇಕು. ದೋಣಿನ ಹೊತಗೊಂಡು ಹೋಗೂ ಎಂಟು ಮಂದಿ ಬೇಕು, ಯಾವ ಬದುವಿನ ಮ್ಯಾಲ ನಡದರ ಕಾಲು ಹುಗಿಯಂಗಿಲ್ಲ ಅಂತ ತಿಳದವ ಒಬ್ಬ ಮುಂದ ಬೇಕು. ಆ ಒಬ್ಬನ್ನ ಯಾವ ಬಟಾಲಿಯನ್ನೂ ಕಳಸಲಾರದು.

ಹವಾಲ್ದಾರ: ಅದಕ್ಕೇ ಅಂತೀನಿ, ಊರವನೇ ಜವಾನ ಆಗಿದ್ದರ ಎರಡೂ ಒಬ್ಬನಲ್ಲೇ ಸಿಕ್ಕಿತು. ಕಾಶ್ಮೀರದಾಗ ಟಿಎದ್ದು ‘ಹೋಮ್ ಅಂಡ್ ಹಾರ್ತ್’ ಬಟಾಲಿಯನ್ ಅಂತ ಮಾಡ್ಯಾರ, ಅಲ್ಲಿನ ಹುಡುಗರು ಅಲ್ಲೇ ಇರತಾರ. ದಾರಿ, ಭಾಷಾ, ಮಂದಿ ಎಲ್ಲಾ ಗೊತ್ತಿರತದ.

ತಲಾಟಿ: ಸರಿ. ಈಗ ನನ್ನ ಪುಸ್ತಕದ ವಿಷಯಕ್ಕ ಬರೋಣು. ಯಾರ ಮನ್ಯಾಗ ಹಾಸಿಗಿ ಹಿಡದ ಮುದುಕಿ ಅದಾಳ, ಯಾರು ದಿನ ತುಂಬಿದ ಬಸರಿ, ಯಾರಿಗೆ ಡಯಾಲಿಸಿಸ್ ಅದ, ಇದು ನನಗೂ ಆಶಾ ಕಾರ್ಯಕರ್ತೆಗೂ ಗೊತ್ತು, ಫೌಜಿಗೆ ಗೊತ್ತಿಲ್ಲ. ಮತ್ತ ನನ್ನ ಪುಸ್ತಕದಾಗೂ ಒಂದು ದೊಡ್ಡ ತೂತದ. ಗೋದಾಮಿನ್ಯಾಗ ಸತ್ತ ಬಿಹಾರದವರು ಯಾವ ತಲಾಟಿಯ ಪುಸ್ತಕದಾಗ ಇದ್ದರು? ನಿಮ್ಮ ದ್ರಾಕ್ಷಿ ಹಂಗಾಮಿಗೆ ಹೊರಗಿಂದ ಬರೂ ಆಳುಗಳು, ಇಟ್ಟಂಗಿ ಭಟ್ಟಿಯವರು, ಕಬ್ಬು ಕಡಿಯೂ ಗ್ಯಾಂಗಿನವರು ಯಾರ ಲೆಕ್ಕದಾಗೂ ಇಲ್ಲ. ಗ್ವಾಡಿ ಬಿದ್ದಾಗ ಮೊದಲ ಪ್ರಶ್ನೆ ‘ಒಳಗ ಎಷ್ಟು ಮಂದಿ’. ಉತ್ತರ ಇಲ್ಲದ ಕಡೆ ಎಂಥಾ ಪಡೆ ಬಂದ್ರೂ ಕುರುಡು ಕೆಲಸನೇ.

ಹವಾಲ್ದಾರ: ಈ ಮಾತು ನನಗ ಹೊಳದಿರಲಿಲ್ಲ. ಹಂಗಾದ್ರ ಒಣದ್ರಾಕ್ಷಿ ಶೆಡ್ಡು, ಗೋದಾಮು, ಭಟ್ಟಿ ಎಲ್ಲಾ ಕಡೆ ಬಾಗಿಲಿಗೆ ಒಂದು ಹಾಜರಿ ಫಲಕ ಹಾಕಸ್ರಿ. ಇವತ್ತು ಒಳಗ ಇಷ್ಟು ಮಂದಿ ಅಂತ. ನನ್ನ ಶೆಡ್ಡಿನಿಂದಲೇ ಶುರು ಮಾಡೋಣು.

ತಲಾಟಿ: ಬರಕೊಂಡೆ. ಭೂಕಂಪದ ಮಾತೂ ಬರೀಬೇಕು. 2021, 2022ರಾಗ ನಮ್ಮ ಜಿಲ್ಲಾದಾಗ ನೆಲ ಎಷ್ಟು ಸಲ ನಡಗಿತು! 2022ರ ಜುಲೈ 9ರ ಮುಂಜಾನಿ ಆದದ್ದು 4.4 ತೀವ್ರತೆ. ಏನೂ ಆಗಲಿಲ್ಲ ಅಂತ ಮಂದಿ ಮರತರು.

ಹವಾಲ್ದಾರ: ನಾ ಮರತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ್ಯಾಗ ಕಿಲ್ಲಾರಿ ಭೂಕಂಪ ಆದಾಗ ಹತ್ತು ಸಾವಿರದ ಸನಿಹ ಮಂದಿ ಸತ್ತರು. ಭೂಕಂಪ ಕೊಂದದ್ದು ಕಡಿಮಿ. ಮ್ಯಾಳಿಗಿ ಕೊಂದದ್ದು ಹೆಚ್ಚು. ದಪ್ಪ ಕಲ್ಲಿನ ಗ್ವಾಡಿ, ಮ್ಯಾಲ ಗೇಣುಗಟ್ಟಲೆ ಮಣ್ಣು. ಸೈನ್ಯ ಬಂದು ದಿನಗಟ್ಟಲೆ ಮಣ್ಣು ತಗೀತು. ಆದ್ರ ಮಣ್ಣಿನ ಕೆಳಗ ಉಸಿರು ದಿನಗಟ್ಟಲೆ ಕಾಯಂಗಿಲ್ಲ. ನಮ್ಮ ಹಳ್ಳಿಯ ಹಳೇ ಓಣಿಯೊಳಗ ಇವತ್ತಿಗೂ ಅಂಥಾ ಮ್ಯಾಳಿಗಿ ಮನಿ ಅದಾವ. ಒಂದು ಓಣಿಗೆ ಎರಡು ಜಾಕು, ನಾಲ್ಕು ಹಾರಿ, ಹತ್ತು ತೊಲಿ, ಇವನ್ನ ಹೆಂಗ ಕೊಡಬೇಕು ಅಂತ ತಿಳದ ಐದು ಮಂದಿ ಇರಲಿ, ಸಾಕು. ಇದಕ್ಕ ಹೆಲಿಕಾಪ್ಟರ್ ಬೇಕಾಗಿಲ್ಲ.

ತಲಾಟಿ: ಈಗ ರೊಕ್ಕದ ಮಾತು.

ಹವಾಲ್ದಾರ: ನಮಗ ಪೆನ್ಶನ್ ಬರತದ. ರೊಕ್ಕ ಬ್ಯಾಡ. ಸೇವಾ ಅಂತ ಮಾಡತೀವಿ.

ತಲಾಟಿ: ಇದನ್ನ ಮಾತ್ರ ನಾ ಒಪ್ಪಂಗಿಲ್ಲ. ಪುಕ್ಕಟ ಸೇವಾ ಒಂದು ಮಳಿಗಾಲ ನಡೀತದ. ಎರಡನೇದಕ್ಕ ಅರ್ಧ ಮಂದಿ, ಮೂರನೇದಕ್ಕ ಫೋಟೊಕ್ಕ ನಿಲ್ಲೋರು ಅಷ್ಟೇ. ಪೆನ್ಶನ್ ಬಂದವರು ಎಲ್ಲಾರೂ ಊರಾಗ ಕೂತಿಲ್ಲ. ಬ್ಯಾಂಕ್, ಎಟಿಎಂ, ಕಾರ್ಖಾನೆ ಬಾಗಲಾಗ ಕಾವಲು ಮಾಡತಾರ. ಕರದಾಗ ಡ್ಯೂಟಿ ಬಿಟ್ಟು ಬಂದರ ಮಾಲಕ ಮರುದಿನ ‘ಬರಬ್ಯಾಡ’ ಅಂತಾನ. ಟಿಎ ಕಾಯ್ದೆದಾಗ ಸೇವೆ ಮುಗಿಸಿ ಬಂದವನಿಗೆ ಹಳೇ ನೌಕರಿ ವಾಪಸ್ ಕೊಡಬೇಕು ಅಂತ ಕಲಂ ಅದ. ಬರೇ ಸ್ವಯಂಸೇವಕನಿಗೆ ಏನದ? ಜರ್ಮನಿಯಾಗ 1950ರಿಂದ ಟಿಎಚ್‌ಡಬ್ಲ್ಯೂ ಅಂತ ನಾಗರಿಕ ರಕ್ಷಣಾ ಪಡೆ ಅದ, ಬಹುತೇಕ ಎಲ್ಲಾರೂ ಸ್ವಯಂಸೇವಕರು. ಅಂಥಾ ಸ್ವಯಂಸೇವಕ ಪ್ರವಾಹದಾಗ ಕೆಲಸ ಮಾಡಿದ ದಿನಗಳ ಪಗಾರವನ್ನ ಸರ್ಕಾರ ಅವನ ಮಾಲಕನಿಗೆ ತುಂಬಿ ಕೊಡತದ. ಅದಕ್ಕ ಅಲ್ಲಿ ಇಷ್ಟು ವರ್ಷ ನಿಂತದ. ಆಸ್ಟ್ರೇಲಿಯಾ 2020ರ ಜನವರಿಯಾಗ ಕಾಳ್ಗಿಚ್ಚಿಗೆ ಸುಮಾರು 3,000 ಮೀಸಲು ಸೈನಿಕರನ್ನ ಕಡ್ಡಾಯವಾಗಿ ಕರೀತು. ಕರೀಲಿಕ್ಕೆ ಕಾನೂನು ಇತ್ತು, ಕರದವರಿಗೆ ಪಗಾರ ಇತ್ತು.

ಹವಾಲ್ದಾರ: ನಮ್ಮಲ್ಲಿ ಆಪದ ಮಿತ್ರ ಅಂತ ಹನ್ನೆರಡು ದಿನದ ತರಬೇತಿ ಕೊಡತಾರಲ್ಲ?

ತಲಾಟಿ: ಕೊಡತಾರ, ಛಲೋ ಯೋಜನೆನೇ. ತರಬೇತಿ, ಕಿಟ್, ವಿಮಾ ಎಲ್ಲಾ ಅದರಾಗ ಅದ. ಆದ್ರ ಹನ್ನೆರಡು ದಿನ ಈಜು, ಹಗ್ಗ ಕಲತ ಕೈ ಮರು ವರ್ಷ ಮುಟ್ಟದಿದ್ದರ ಮರೀತದ. ತಾಲೀಮು ವರ್ಷಾ ನಡೀಬೇಕು, ಅದಕ್ಕೂ ದಿನಗೂಲಿ ಕೊಡಬೇಕು. ನೀವು ಬ್ಯಾಡ ಅಂದ್ರೂ ಪಟ್ಟಿಯೊಳಗ ಇರೂ ಬ್ಯಾರೆಯವರಿಗೆ ಬೇಕು. ಮತ್ತ ಸತ್ತರ ಮನಿಗೆ ಏನು ಕೊಡತೀರಿ ಅನ್ನೋದು ಮೊದಲೇ ಬರದಿರಬೇಕು, ಸತ್ತಮ್ಯಾಲ ಘೋಷಣಾ ಮಾಡೋದಲ್ಲ.

ಹವಾಲ್ದಾರ: ಒಂದು ಮಾತು ನೆನಪಿಡ್ರಿ. ಅಗ್ನಿವೀರರ ಮೊದಲ ತಂಡ 2026ರ ಕೊನಿ, 2027ರ ಆರಂಭದಾಗ ನಾಲ್ಕು ವರ್ಷ ಮುಗಿಸತದ. ಉಳಿಸಿಕೊಳ್ಳೋದು ಹೆಚ್ಚಂದ್ರ ನೂರಕ್ಕ ಇಪ್ಪತ್ತೈದು ಅಂತ 2022ರಾಗೇ ಹೇಳ್ಯಾರ. ಉಳಿದವರು ಊರಿಗೆ ಬರತಾರ, ಇಪ್ಪತ್ತರ ಹರೇದವರು. ನಮ್ಮಂಗ ಮೊಣಕಾಲು ನೋವಿನವರಲ್ಲ. ಕೈಯಾಗ ಸೇವಾನಿಧಿ ರೊಕ್ಕ, ಮೈಯಾಗ ಕಸುವು, ಮಾಡಲಿಕ್ಕೆ ಕೆಲಸ ಇಲ್ಲ. ಅವರನ್ನ ಈ ಪಟ್ಟಿಗೆ ತಗೊಳ್ಳದೇ ಬಿಟ್ಟರ ಬೆಂಗಳೂರಿನ ಅಪಾರ್ಟ್‌ಮೆಂಟ್ ಬಾಗಲಾಗ ನಿಂದರತಾರ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರ ಹತ್ತಿರ ಬಂದವರ ಹೆಸರು ಇರತಾವ. ಅಗ್ನಿಶಾಮಕದವರು, ಗೃಹರಕ್ಷಕರು ಮತ್ತ ನೀವು ಒಂದು ಮೇಜಿಗೆ ಕೂತರ ಪಟ್ಟಿ ಒಂದು ವಾರದ ಕೆಲಸ.

ತಲಾಟಿ: ಪಟ್ಟಿ ಆತು. ಆಮ್ಯಾಲ ಒಂದು ತಾಲೀಮು ಮಾಡತಾರ, ತಂಬೂ ಹಾಕಿ, ಕುರ್ಚಿ ಹಾಕಿ, ಶಾಲು ಹೊದಿಸಿ. ವರದಿ ‘ಯಶಸ್ವಿ’ ಅಂತ ಬರತದ.

ಹವಾಲ್ದಾರ: ತಂಬೂ ಬ್ಯಾಡ. ಮೇ ತಿಂಗಳದ ಒಂದು ರಾತ್ರಿ ಎರಡಕ್ಕ, ಯಾರಿಗೂ ಮೊದಲು ಹೇಳದೇ, ‘ಸಾರವಾಡ ಸೇತುವೆ ಹತ್ತಿರ ನಾಲ್ಕು ಮಂದಿ ಸಿಕ್ಕಾರ’ ಅಂತ ಫೋನ್ ಹಚ್ಚರಿ. ಯಾರು ಎಷ್ಟಕ್ಕ ಎದ್ದರು, ದೋಣಿಯ ಖೋಲಿ ಕೀಲಿ ಯಾರ ಕಿಸೆದಾಗ ಇತ್ತು, ಟ್ಯೂಬಿನ್ಯಾಗ ಗಾಳಿ ಇತ್ತೋ ಇಲ್ಲೋ, ನೀರಿಗೆ ಮೊದಲ ಮನಷ್ಯಾ ಇಳದದ್ದು ಎಷ್ಟಕ್ಕ, ಗಡಿಯಾರ ನೋಡಿ ಬರೀರಿ. ಆ ಹಾಳಿ ಪಂಚಾಯ್ತಿ ಫಲಕಕ್ಕ ಹಚ್ಚರಿ. ಮೂರು ತಾಸು ಆಗಿದ್ದರ ಮೂರು ತಾಸು ಅಂತಲೇ ಇರಲಿ.

ತಲಾಟಿ: ಅರ್ಜಿ ನೀವೇ ಬರೀರಿ, ನಾ ತಹಶೀಲ್ದಾರರ ಮುಂದ ಇಡತೀನಿ. ಆದ್ರ ಮೊದಲ ಕಲಂ ದಿನಗೂಲಿ, ಎರಡನೇದು ವಿಮಾ. ಅವೆರಡು ಇಲ್ಲದಿದ್ರ ಸಹಿ ಮಾಡಂಗಿಲ್ಲ.

ಹವಾಲ್ದಾರ: ನನ್ನ ಹೆಸರಿನ ಮುಂದ ದಿನಗೂಲಿ ಸೊನ್ನೆ ಅಂತ ಬರಕೋರಿ. ಉಳಿದವರದು ನೀವು ಹೇಳಿದಂಗ ಆಗಲಿ. ಆದ್ರ ಮೂರನೇ ಕಲಂ ನಂದು: ತಾಲೀಮಿನ ತಾರೀಖು ಯಾರಿಗೂ ಹೇಳಬಾರದು, ನನಗೂ.